ಎಲ್ಲರಿಗೂ ಮಾರ್ಕೆಟ್ ಟಿಕೆಟ್

ಆ ಬಸ್ಸಿನಲ್ಲಿ ಓಡಾಡುವ ಯಾರಿಗೂ ಕಂಡಕ್ಟರಮ್ಮನ ನಿಜವಾದ ಹೆಸರು ಗೊತ್ತಿರಲಿಲ್ಲ. ಎದೆಯ ಮೇಲಿನ ಬಿಲ್ಲೆಯಲ್ಲೇನೋ ಬರೆದಿತ್ತು. ಆದರೆ ಬಿಲ್ಲೆ ಓದುವಷ್ಟು ಹೊತ್ತು ಅವಳು ಒಂದು ಕಡೆ ನಿಂತರೆ ತಾನೆ? ಹಿಂದಿನ ಬಾಗಿಲಲ್ಲಿ ಒಂದು ಮುದುಕಿಯನ್ನು ಕೈಹಿಡಿದು ಹತ್ತಿಸಿ, ಜನರ ನಡುವೆ ನುಸುಳಿ, ಮುಂದಿನ ಬಾಗಿಲಲ್ಲಿ ನೇತಾಡುವವನ ಕಾಲರ್ ಹಿಡಿದು ಒಳಗೆಳೆದು, "ರೈಟ್, ರೈಟ್" ಎಂದು ಕೂಗಿದರೆ ಆ ದನಿ ಎರಡು ಬೀದಿ ಆಚೆಗೂ ಕೇಳುತ್ತಿತ್ತು. ಹಾಗಾಗಿ ಅವಳು ಎಲ್ಲರಿಗೂ ರೈಟಕ್ಕ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಿಗೂ ರೈಟಕ್ಕ. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವಳ ಗಂಡ ಕೂಡ ಸಂಜೆ ಗೆಳೆಯರ ನಡುವೆ, "ರೈಟಕ್ಕ ಬರೋ ಹೊತ್ತಾಯ್ತು, ನಾನಿನ್ನು ಏಳ್ತೀನಪ್ಪ" ಎಂದು ಬಾಯಿ ತಪ್ಪಿ ಅಂದು, ಆಮೇಲೆ ವಾರಗಟ್ಟಲೆ ಅವರ ಕೈಲಿ ಸಿಕ್ಕಿ ಹಣ್ಣಾಗಿದ್ದ.

ಟಿಕೆಟ್ ಕೊಡುವುದರಲ್ಲಿ ರೈಟಕ್ಕನದು ಎತ್ತಿದ ಕೈ. ಅವಳ ಬಸ್ಸು ಹೊರಡುತ್ತಿದ್ದುದು ಊರಿನ ಅಂಚಿನ ನೀರಿನ ಟ್ಯಾಂಕಿನಿಂದ, ಹೋಗುತ್ತಿದ್ದುದು ಊರ ನಡುವಿನ ಮಾರ್ಕೆಟ್ಟಿಗೆ. ಟ್ಯಾಂಕಿನ ಹತ್ತಿರ ಬಸ್ಸು ತುಂಬಿ ತುಳುಕಿದರೂ ಮೊದಲ ತಿರುವು ಬರುವುದರೊಳಗೆ ಎಲ್ಲರ ಕೈಯಲ್ಲೂ ಟಿಕೆಟ್ ಇರುತ್ತಿತ್ತು. ಬೇರೆ ಕಂಡಕ್ಟರುಗಳು ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿಕೊಂಡು, "ಚಿಲ್ಲರೆ ಕೊಡಿ, ಎಲ್ಲಿಗೆ ಹೇಳಿ" ಎಂದು ಒದ್ದಾಡುತ್ತಿದ್ದರೆ ಇವಳು ಅವರ ಪಕ್ಕದಲ್ಲೇ ಕೈಬೀಸಿಕೊಂಡು ಹೋಗುತ್ತಿದ್ದಳು. ಡಿಪೋದಲ್ಲಿ ಒಂದು ವರ್ಷ ಅವಳಿಗೆ ಶಾಲು ಹೊದಿಸಿ ಸನ್ಮಾನ ಕೂಡ ಮಾಡಿದ್ದರು. ಅವತ್ತು ಮ್ಯಾನೇಜರ್, "ಇವರ ಕೈಯಲ್ಲೇನೋ ಮಾಯೆ ಇದೆ" ಎಂದಿದ್ದರು.

ಮಾಯೆ ಗೀಯೆ ಏನೂ ಇರಲಿಲ್ಲ, ಒಂದು ಗುಂಡಿ ಇತ್ತು. ಟಿಕೆಟ್ ಮಷಿನ್ನಿನಲ್ಲಿ ಹತ್ತುವ ನಿಲ್ದಾಣ, ಇಳಿಯುವ ನಿಲ್ದಾಣ ಎರಡನ್ನೂ ಹುಡುಕಿ ಒತ್ತಬೇಕು. ಆದರೆ ಹಿಂದಿನ ಟಿಕೆಟ್ಟೇ ಮತ್ತೊಮ್ಮೆ ಬೇಕಿದ್ದರೆ ಮೂಲೆಯ ಗುಂಡಿಯೊಂದನ್ನು ಒತ್ತಿದರೆ ಸಾಕು, ಅದೇ ಅಚ್ಚಾಗಿ ಬರುತ್ತದೆ. ಟ್ಯಾಂಕಿನಿಂದ ಮುಂದೆ ರೈಲ್ವೆ ಗೇಟಿನಿಂದ ಹಿಡಿದು ಎಲ್ಲಿ ಇಳಿದರೂ ಟಿಕೆಟ್ ದರ ಒಂದೇ. ಲಾಂಡ್ರಿಯಲ್ಲಿ ಇಳಿಯಲಿ, ಮಿಲ್ಲಿನಲ್ಲಿ ಇಳಿಯಲಿ, ಕೊನೆಯ ಮಾರ್ಕೆಟ್ಟಿನಲ್ಲಿ ಇಳಿಯಲಿ, ಅದೇ ದುಡ್ಡು. ಹಾಗಿದ್ದ ಮೇಲೆ ಹುಡುಕುವ ಗೋಜು ಯಾಕೆ? ರೈಟಕ್ಕ ಮೊದಲನೆಯವರಿಗೆ ಮಾರ್ಕೆಟ್ ಟಿಕೆಟ್ ಹೊಡೆಯುತ್ತಿದ್ದಳು, ಉಳಿದವರಿಗೆಲ್ಲ ಮೂಲೆಯ ಗುಂಡಿ. ಟಕ್, ಟಕ್, ಟಕ್. ಯಾರಿಗೂ ಮೋಸವಿಲ್ಲ, ನಷ್ಟವಿಲ್ಲ. ತಪಾಸಣೆಯವರು ಹತ್ತಿದರೂ ದರ ಸರಿಯಿದೆಯೇ ಎಂದು ನೋಡಿ ಇಳಿದುಹೋಗುತ್ತಿದ್ದರು.

ಇದನ್ನು ಅವಳು ಗುಟ್ಟಾಗಿಯೇನೂ ಇಟ್ಟುಕೊಂಡಿರಲಿಲ್ಲ. ಆ ಮಾರ್ಗಕ್ಕೆ ಹೊಸದಾಗಿ ಬರುವ ಕಂಡಕ್ಟರುಗಳನ್ನೆಲ್ಲ ಮೊದಲ ವಾರ ಅವಳ ಜೊತೆಗೇ ಹಾಕುತ್ತಿದ್ದರು. ಎರಡನೆಯ ದಿನವೇ ಅವಳು ಅವರಿಗೆ ಹೆಬ್ಬೆರಳು ತೋರಿಸಿ, "ನೋಡಿ, ಈ ಊರಿಗೆ ಒಂದೇ ಹೊಟ್ಟೆ, ಅದು ಮಾರ್ಕೆಟ್ಟು. ಮಿಕ್ಕಿದ್ದೆಲ್ಲ ಕೈಕಾಲು. ಎಲ್ಲರೂ ಹೊಟ್ಟೆ ಕಡೆಗೇ ಹೊರಟಿರೋದು ಅಂತ ತಿಳ್ಕೊಂಡು ಗುಂಡಿ ಒತ್ತಿ" ಎನ್ನುತ್ತಿದ್ದಳು. ಅದಕ್ಕೆ ಡಿಪೋದಲ್ಲಿ 'ರೈಟಕ್ಕನ ಕೈ' ಎಂದು ಹೆಸರೇ ಬಿದ್ದಿತ್ತು. ಆ ಮಾರ್ಗದ ಅಷ್ಟೂ ಬಸ್ಸುಗಳಲ್ಲಿ ವರ್ಷಗಟ್ಟಲೆ ರೈಟಕ್ಕನ ಕೈಯೇ ನಡೆಯಿತು.

ಇನ್ನು ಅವಳ ಅಕ್ಕನ ಮಾತು. ತಾಯಿ ಹೋದಾಗ ರೈಟಕ್ಕ ಮೊಣಕಾಲುದ್ದದ ಹುಡುಗಿ. ಅವಳನ್ನು ಸಾಕಿದವಳು ಅಕ್ಕ. ಮದುವೆ ಗಿದುವೆ ಎಂದು ಯೋಚಿಸುವ ವಯಸ್ಸಿನಲ್ಲಿ ಅಕ್ಕ ನಾಲ್ಕು ಮನೆಗಳ ಬಟ್ಟೆ ಇಸ್ತ್ರಿ ಮಾಡುತ್ತ ತಂಗಿಯ ಶಾಲೆ ಬ್ಯಾಗು ಹೊಲಿಯುತ್ತಿದ್ದಳು. ತಂಗಿಗೆ ಕಂಡಕ್ಟರ್ ಕೆಲಸ ಸಿಕ್ಕಿದ ದಿನ ಅಕ್ಕ ಖಾಕಿ ಬಟ್ಟೆಯನ್ನು ತಾನೇ ಇಸ್ತ್ರಿ ಮಾಡಿ, ಮಡಿಕೆ ಮುರಿಯಬಾರದೆಂದು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು. ಆ ಋಣ ರೈಟಕ್ಕ ಮರೆತವಳಲ್ಲ. ತನ್ನ ಬಸ್ಸಿನ ದಾರಿಯಲ್ಲೇ ಇದ್ದ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಅವರಿವರಿಗೆ ಹೇಳಿ ಅಕ್ಕನಿಗೆ ಕಾಯಂ ಕೆಲಸ ಕೊಡಿಸಿದಳು. "ನಮ್ಮಕ್ಕ ನನ್ನ ಬಸ್ಸಲ್ಲೇ ಕೆಲಸಕ್ಕೆ ಹೋಗ್ತಾಳೆ" ಎನ್ನುವಾಗ ಅವಳ ಮುಖ ನೋಡಬೇಕಿತ್ತು. ಟ್ಯಾಂಕಿನ ಹಿಂದಿನ ಓಣಿಯಲ್ಲಿ ತನ್ನ ಪಾಡಿಗೆ ತಾನು ಒಂದು ಕೋಣೆಯಲ್ಲಿದ್ದ ಅಕ್ಕ ಬೆಳಿಗ್ಗೆ ಬಂದು ಮುಂದಿನ ಹೆಂಗಸರ ಸೀಟಿನಲ್ಲಿ ಕೂತರೆ ಬಸ್ಸಿಗೆಲ್ಲ ಅವಳು ದೊಡ್ಡಕ್ಕ. ರೈಟಕ್ಕ ಕೇಳದೆಯೇ ಅವಳ ಕೈಗೆ ಟಿಕೆಟ್ ಇಟ್ಟು ಮುಂದೆ ಹೋಗುತ್ತಿದ್ದಳು.

ಒಂದು ಸೋಮವಾರ ಬಸ್ಸಿನೊಳಗೆ, ಡ್ರೈವರನ ಬೆನ್ನ ಹಿಂದೆ, ಒಂದು ಪ್ರಕಟಣೆ ಅಂಟಿಸಿದ್ದರು. ಇನ್ನು ಮುಂದೆ ಟ್ಯಾಂಕಿನಿಂದ ಮಾರ್ಕೆಟ್ಟಿಗೆ ನೇರ ವೇಗದ ಬಸ್ಸು; ಒಳಸುತ್ತು ರದ್ದು; ಅಭಿಪ್ರಾಯವಿದ್ದವರು ಕಚೇರಿಗೆ ಬಂದು ತಿಳಿಸಬಹುದು.

ಒಳಸುತ್ತು ಎಂದರೆ ರೈಲ್ವೆ ಗೇಟಿನ ಬಳಿ ಬಸ್ಸು ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿ, ಲಾಂಡ್ರಿ, ಮಿಲ್ಲು, ಅದರ ಹಿಂದಿನ ಕೆರೆದಂಡೆಯ ಸಸಿಗಳ ನರ್ಸರಿಯವರೆಗೆ ಹೋಗಿ ಬಳಸಿಕೊಂಡು ಮತ್ತೆ ಹೆದ್ದಾರಿ ಸೇರುವ ದಾರಿ. ಇಕ್ಕಟ್ಟಾದ, ಗುಂಡಿ ಬಿದ್ದ, ಲಾರಿಗಳು ಅಡ್ಡ ನಿಲ್ಲುವ ದಾರಿ. ಆದರೆ ಟ್ಯಾಂಕಿನ ಸುತ್ತಿನ ಬಡಾವಣೆಗಳ ಅರ್ಧದಷ್ಟು ಹೆಂಗಸರ ಹೊಟ್ಟೆಪಾಡು ಇರುವುದು ಆ ಸುತ್ತಿನೊಳಗೇ. ಲಾಂಡ್ರಿಯ ಹೆಂಗಸರು ಪ್ರಕಟಣೆಯನ್ನು ಓದಿಸಿಕೊಂಡು ಕೇಳಿ ಬಾಯಿ ಬಡಿದುಕೊಂಡರು.

"ಎಸಿ ರೂಮಲ್ಲಿ ಕೂತು ಗೆರೆ ಎಳೆಯೋರಿಗೆ ಏನ್ರೀ ಗೊತ್ತು?" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ರೈಟಕ್ಕನೇ. "ನನ್ನ ಬಸ್ಸು ಲಾಂಡ್ರಿ ಹತ್ತಿರ ಅರ್ಧ ಖಾಲಿ ಆಗುತ್ತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನಡೀರಿ, ನಾನೇ ಬರ್ತೀನಿ ನಿಮ್ಮ ಜೊತೆ."

ರಜೆಯ ದಿನ ಅವಳು ಖಾಕಿ ಬಿಟ್ಟು ಒಳ್ಳೆಯ ಸೀರೆ ಉಟ್ಟು, ಲಾಂಡ್ರಿಯ ಹೆಂಗಸರನ್ನು ಹಿಂದಿಟ್ಟುಕೊಂಡು, ದೊಡ್ಡಕ್ಕನ ಕೈಹಿಡಿದು ಕಚೇರಿಗೆ ಹೋದಳು. ಹೊಸ ಮಾರ್ಗಗಳ ಯೋಜನೆ ಮಾಡಿದ್ದ ಅಧಿಕಾರಿ ಅಲ್ಲಿದ್ದ. ಕನ್ನಡಕದ, ಮೆಲುದನಿಯ ಮನುಷ್ಯ. ಏನು ಕೇಳಿದರೂ ನಕ್ಷೆಯ ಮೇಲೆ ಕೋಲಿಟ್ಟು ಪಾಠದ ಹಾಗೆ ವಿವರಿಸುತ್ತಿದ್ದನಾದ್ದರಿಂದ ಡಿಪೋದಲ್ಲಿ ಅವನನ್ನು ನಕ್ಷೆ ಮೇಷ್ಟ್ರು ಎನ್ನುತ್ತಿದ್ದರು. ಮೇಷ್ಟ್ರು ಎಲ್ಲರಿಗೂ ಕುರ್ಚಿ ಹಾಕಿಸಿದ, ಟೀ ತರಿಸಿದ, ಗೋಡೆಯ ಪರದೆಯ ಮೇಲೆ ಊರಿನ ಚಿತ್ರ ಮೂಡಿಸಿದ.

"ಜನ ಎಲ್ಲಿ ಹತ್ತಿ ಎಲ್ಲಿ ಇಳೀತಾರೆ ಅಂತ ನೋಡಿದರೆ ಊರಿನ ಆಕಾರ ಗೊತ್ತಾಗುತ್ತೆ" ಎಂದು ಶುರುಮಾಡಿದ. "ಎಲ್ಲರೂ ಒಂದೇ ಕಡೆ ಹೋಗ್ತಿದ್ದರೆ ಅದು ಒಂದೇ ನಡು ಇರೋ ಊರು, ಅದಕ್ಕೆ ನೇರ ಬಸ್ಸು ಬೇಕು. ಅಲ್ಲಲ್ಲಿ ಇಳಿದು ಅಡ್ಡಡ್ಡ ಓಡಾಡ್ತಿದ್ದರೆ ಅದು ನಾಲ್ಕಾರು ನಡು ಇರೋ ಊರು, ಅದಕ್ಕೆ ಸುತ್ತು ಬಸ್ಸು, ಅಡ್ಡ ಬಸ್ಸು ಬೇಕು. ನಾನು ಊಹೆ ಮಾಡಿಲ್ಲಮ್ಮ. ಇದು ವರ್ಷದ ಅಷ್ಟೂ ಟಿಕೆಟ್ಟುಗಳಿಂದ ಬರೆದ ಚಿತ್ರ."

ಪರದೆಯ ಮೇಲೆ ಊರಿನ ನಾನಾ ಮೂಲೆಗಳಿಂದ ಗೆರೆಗಳು ಹೊರಟಿದ್ದವು. ಬೇರೆ ಕಡೆಯ ಗೆರೆಗಳು ಅಷ್ಟಿಷ್ಟು ಕವಲೊಡೆದಿದ್ದವು. ಟ್ಯಾಂಕಿನ ಕಡೆಯ ಗೆರೆ ಮಾತ್ರ ಬಾಳೆದಿಂಡಿನಷ್ಟು ದಪ್ಪವಾಗಿ, ಎಲ್ಲಿಯೂ ಕವಲೊಡೆಯದೆ, ನೆಟ್ಟಗೆ ಹೋಗಿ ಮಾರ್ಕೆಟ್ಟಿಗೆ ಬಿದ್ದಿತ್ತು. ಲಾಂಡ್ರಿ ಇರಬೇಕಾದ ಕಡೆ ಒಂದು ಸಾಸಿವೆ ಕಾಳು. ಮಿಲ್ಲಿನ ಹತ್ತಿರ ಇನ್ನೊಂದು. ನರ್ಸರಿ ಇರುವಲ್ಲಿ ಏನೂ ಇಲ್ಲ.

"ಸುಳ್ಳು ಸಾರ್!" ಎಂದು ಲಾಂಡ್ರಿಯ ಹೆಂಗಸೊಬ್ಬಳು ಎದ್ದಳು. "ನಾವು ದಿನಾ ಇಳಿಯೋದು ಅಲ್ಲೇ. ಇಲ್ಲೇ ಇದಾರಲ್ಲ ರೈಟಕ್ಕ, ಕೇಳಿ!"

ಎಲ್ಲರೂ ರೈಟಕ್ಕನ ಕಡೆ ತಿರುಗಿದರು. ಅವಳು ಆ ದಪ್ಪ ಗೆರೆಯನ್ನೇ ನೋಡುತ್ತಿದ್ದಳು. ಅದು ಯಾರ ಗೆರೆ ಎಂದು ಅವಳಿಗೆ ಗೊತ್ತಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಅವಳ ಬಲಗೈ ತಾನಾಗಿಯೇ ಹೆಬ್ಬೆರಳನ್ನು ಮಡಿಚಿ ಮುಷ್ಟಿ ಮಾಡಿಕೊಂಡಿತು. ಹುಟ್ಟಿದಾಗಿನಿಂದ ಬಾಯಿಗೆ ಬೀಗ ಹಾಕಿ ಗೊತ್ತಿಲ್ಲದ ಹೆಂಗಸು ಅವತ್ತು ತುಟಿ ಎರಡು ಮಾಡಲಿಲ್ಲ.

ಅವಳು ಸುಮ್ಮನಿದ್ದದ್ದನ್ನು ಉಳಿದವರು ಬೇರೆಯೇ ತಿಳಿದರು. ಮೇಲಿನವರ ಎದುರು ಪಾಪ ಅವಳಾದರೂ ಏನು ಹೇಳಿಯಾಳು ಎಂದುಕೊಂಡು, ಲೆಕ್ಕ ತಿದ್ದಿದ್ದಾರೆ ಎಂದು ಮೇಷ್ಟ್ರ ಮೇಲೆ ಹರಿಹಾಯ್ದರು. ಆ ಮನುಷ್ಯ ಕೋಲು ಹಿಡಿದುಕೊಂಡು ಪೆಚ್ಚಾಗಿ ನಿಂತ. ಕೊನೆಗೆ, "ಒಂದು ಕೆಲಸ ಮಾಡಬಹುದು. ಹೆದ್ದಾರಿಯಲ್ಲೇ, ಲಾಂಡ್ರಿಗೆ ತಿರುಗೋ ಕಡೆ ಒಂದು ನಿಲ್ದಾಣ ಕೊಡ್ತೀನಿ. ಅಲ್ಲಿಂದ ನಡೆದು ಹೋಗಬಹುದಲ್ಲ?" ಎಂದ. ಹೆಂಗಸರು ತಮ್ಮತಮ್ಮಲ್ಲಿ ಗುಸುಗುಸು ಮಾತಾಡಿಕೊಂಡರು. ಪೂರ್ತಿ ಹೋಗುವುದಕ್ಕಿಂತ ಅಷ್ಟಾದರೂ ಸಿಕ್ಕಲಿ ಎನ್ನುವುದಕ್ಕೆ ಬಂದರು.

"ಆಗಲ್ಲ" ಎಂದಳು ದೊಡ್ಡಕ್ಕ. ಅಲ್ಲಿಯವರೆಗೆ ಅವಳು ಮಾತೇ ಆಡಿರಲಿಲ್ಲ. "ಬಸ್ಸು ಸುತ್ತಿನ ಕೊನೆವರೆಗೂ ಬರಬೇಕು."

"ಲಾಂಡ್ರಿಗೆ ಹೆದ್ದಾರಿಯಿಂದ ಎಷ್ಟು ದೂರ ಅಕ್ಕಾ, ನಡೆದ್ರಾಯ್ತಪ್ಪ" ಎಂದು ರೈಟಕ್ಕ ಕಿವಿಯಲ್ಲಿ ಪಿಸುಗುಟ್ಟಿದಳು. ಅವಳಿಗೆ ಆ ಕೋಣೆಯಿಂದ ಎದ್ದು ಹೋದರೆ ಸಾಕಾಗಿತ್ತು.

"ಕೊನೆವರೆಗೂ ಬರಬೇಕು ಅಂದೆ" ಎಂದಳು ಅಕ್ಕ. ಹಟ ಮಾಡಿ ಗೊತ್ತಿಲ್ಲದ ಅಕ್ಕ ಯಾಕೆ ಹೀಗೆ ಕಚ್ಚಿ ಹಿಡಿದಿದ್ದಾಳೆಂದು ತಂಗಿಗೆ ತಿಳಿಯಲಿಲ್ಲ. ಆದರೆ ಲಾಂಡ್ರಿಯ ಹೆಂಗಸರು ಮುಖ ಮುಖ ನೋಡಿಕೊಂಡು, "ಹೌದು ಸಾರ್, ದೊಡ್ಡಕ್ಕ ಹೇಳಿದ ಹಾಗೇ ಆಗಬೇಕು" ಎಂದು ಅವಳ ಪಕ್ಕಕ್ಕೆ ನಿಂತರು. ಮೇಷ್ಟ್ರು, ತನ್ನ ಬಳಿ ಇರುವ ಲೆಕ್ಕದ ಮೇಲೆ ಅದಂತೂ ಸಾಧ್ಯವೇ ಇಲ್ಲ ಎಂದು ಪರದೆ ಆರಿಸಿದ.

ಸಂಜೆ ರೈಟಕ್ಕ ಅಕ್ಕನ ಕೋಣೆಗೆ ಹೋದಳು. ಒಂದು ಮಂಚ, ಒಂದು ಸ್ಟವ್, ಕಿಟಕಿಯಲ್ಲಿ ಒಡೆದ ಬಕೆಟ್ಟಿನಲ್ಲಿ ಹಸಿರು ಗಿಡ. ಮಂಚದ ತುದಿಯಲ್ಲಿ ಕೂತು, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು.

"ಆ ಗೆರೆ ನಂದು ಅಕ್ಕಾ. ಮೇಷ್ಟ್ರು ಸುಳ್ಳು ಬರ್ದಿಲ್ಲ. ನಾನು ಎಲ್ಲರಿಗೂ ಮಾರ್ಕೆಟ್ ಟಿಕೆಟ್ ಹೊಡೆದೆ, ಹೊಡೆಯೋದನ್ನ ಎಲ್ಲರಿಗೂ ಕಲಿಸಿದೆ. ಮಷಿನ್ನು ಅದನ್ನೇ ನಂಬ್ಕೊಂಡು ಕೂತಿದೆ."

ಅಕ್ಕನಿಗೆ ನಗು ಬಂತು. "ಅಂದ್ರೆ, ನಾನೂ ಇಷ್ಟು ವರ್ಷ ದಿನಾ ಮಾರ್ಕೆಟ್ಟಿಗೆ ಹೋಗಿದ್ದೀನಿ ಅನ್ನು. ಒಂದು ದಿನ ಒಳ್ಳೆ ಬಟ್ಟೆನಾದ್ರೂ ತಗೋಬಹುದಿತ್ತಲ್ಲೇ!"

"ನಗಬೇಡ ಅಕ್ಕ. ಟಿಕೆಟ್ ಮೇಲೆ ಏನಿದೆ ಅಂತ ಒಂದು ದಿನ ಆದ್ರೂ ನೋಡಬಾರದಾಗಿತ್ತಾ ನೀನು?"

"ಟಿಕೆಟ್ ಯಾರು ಓದ್ತಾರೆ ಪುಟ್ಟಿ? ಅದು ತಪಾಸಣೆಯೋರಿಗೆ." ಅಕ್ಕ ನಗು ನಿಲ್ಲಿಸಿದಳು. "ನಾಳೆ ಹೋಗಿ ಹೇಳು."

"ಹೇಳಿದ್ರೆ ನನ್ನ ಗತಿ? ಸನ್ಮಾನ ಮಾಡಿದ ಕೈಯಲ್ಲೇ ಮೆಮೊ ಕೊಡ್ತಾರೆ. ಹೊಸಬರಿಗೆ ಕಲಿಸೋ ಜಾಗ ಹೋಗುತ್ತೆ. ಇಷ್ಟು ವರ್ಷ ತಲೆ ಎತ್ತಿಕೊಂಡು ಓಡಾಡಿದೀನಿ ಡಿಪೋದಲ್ಲಿ."

"ತಲೆ ಎತ್ತಿಕೊಂಡೇ ಹೋಗಿ ಹೇಳು. ಬಗ್ಗಿಸಿಕೊಂಡು ಹೋಗು ಅಂದ್ನಾ ನಾನು?"

ಈ ಮಾತು ರೈಟಕ್ಕನಿಗೆ ಹಿಡಿಸಿತು. ಅಳುತ್ತ ಕಾಲು ಹಿಡಿಯುವುದು ಅವಳ ಜಾಯಮಾನವೂ ಆಗಿರಲಿಲ್ಲ. ಮರುದಿನ ಡ್ಯೂಟಿ ಮುಗಿಸಿ, ಖಾಕಿಯಲ್ಲೇ, ಟಿಕೆಟ್ ಮಷಿನ್ನು ಕೊರಳಿಗೆ ಹಾಕಿಕೊಂಡೇ ಅವಳು ನಕ್ಷೆ ಮೇಷ್ಟ್ರ ಕೋಣೆಗೆ ನುಗ್ಗಿದಳು. ಮೂಲೆಯ ಗುಂಡಿಯನ್ನು ಟಕ್ ಟಕ್ ಎಂದು ಒತ್ತಿ ತೋರಿಸಿದಳು. ಮೇಜಿನ ಮೇಲೆ ಮಾರ್ಕೆಟ್ ಟಿಕೆಟ್ಟುಗಳ ಸರ ಬಿತ್ತು.

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು. ಆದರೆ ಅವನು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆ ಸರವನ್ನು ಕೈಗೆತ್ತಿಕೊಂಡು ಕೂತ. "ಆ ಕಡೆಯಲ್ಲಿ ಇಷ್ಟೊಂದು ಫ್ಯಾಕ್ಟರಿ, ಆಸ್ಪತ್ರೆ ಎಲ್ಲ ಇದ್ದೂ ಯಾರೂ ಇಳಿಯಲ್ಲ ಅನ್ನೋದು ನನಗೂ ವಿಚಿತ್ರ ಅನ್ನಿಸಿತ್ತು. ಹೋಗಿ ನೋಡಬೇಕು ಅಂದುಕೊಂಡೆ, ಹೋಗಲಿಲ್ಲ. ಲೆಕ್ಕ ಅಷ್ಟು ನೀಟಾಗಿತ್ತು" ಎಂದ. ಆಮೇಲೆ ಪರದೆಯ ಕಡೆ ಕೈತೋರಿಸಿ, "ಹಾಗಾದ್ರೆ ನಾನು ಇಷ್ಟು ದಿನ ನೋಡ್ತಿದ್ದದ್ದು ಊರನ್ನಲ್ಲ, ನಿಮ್ಮ ಹೆಬ್ಬೆರಳನ್ನ" ಎಂದು ನಕ್ಕ.

"ನಗೋದು ಆಮೇಲೆ ಸಾರ್. ಈಗ ಸುತ್ತು ಉಳಿಸ್ತೀರಾ ಇಲ್ವಾ?"

"ಬಾಯಿಮಾತಿನ ಮೇಲೆ ಆಗಲ್ಲಮ್ಮ. ಮೇಲಿನವರು ಲೆಕ್ಕ ಕೇಳ್ತಾರೆ. ಒಂದು ತಿಂಗಳು ಸರಿಯಾದ ಟಿಕೆಟ್ ಕೊಡಿ, ಪ್ರತಿಯೊಬ್ಬರಿಗೂ ಅವರು ಇಳಿಯೋ ನಿಲ್ದಾಣದ್ದು. ನಿಮ್ಮ ಬಸ್ಸಲ್ಲಿ ಮಾತ್ರ ಅಲ್ಲ, ಆ ಮಾರ್ಗದ ಎಲ್ಲ ಬಸ್ಸಲ್ಲೂ. ಆಮೇಲೆ ಹೊಸ ಚಿತ್ರ ಏನು ಹೇಳುತ್ತೋ ಅದು." ಒಂದು ಬಿಳಿ ಹಾಳೆ ಅವಳ ಮುಂದಿಟ್ಟು ಸೇರಿಸಿದ. "ಮತ್ತೆ, ಇದನ್ನ ನೀವು ಬರೆದು ಕೊಡಬೇಕಾಗುತ್ತೆ. ನಿಮಗೆ ತೊಂದರೆ ಆಗಬಹುದು."

ಅವಳು ನಿಂತಲ್ಲೇ ಬರೆದುಕೊಟ್ಟಳು. ತನ್ನ ಹೆಸರೊಂದನ್ನೇ ಬರೆದಳು, ಬೇರೆ ಯಾರದನ್ನೂ ಬರೆಯಲಿಲ್ಲ.

ಅದಕ್ಕಿಂತ ಕಷ್ಟದ್ದು ಡಿಪೋದ ವಿಶ್ರಾಂತಿ ಕೋಣೆ. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ಹೋಗಿ ಕಾಲು ಚಾಚಿ ಕೂತಿತ್ತು. ಅವಳ ಕೈಕೆಳಗೇ ಕೆಲಸ ಕಲಿತ ಕಂಡಕ್ಟರೊಬ್ಬ ಮೇಜು ಗುದ್ದಿ, "ನಮ್ಮೆಲ್ಲರ ಅನ್ನಕ್ಕೆ ಕಲ್ಲು ಹಾಕಿದೆ ಅಕ್ಕ. ಕಲಿಸಿದವಳೂ ನೀನೇ, ಹಿಡಿದುಕೊಟ್ಟವಳೂ ನೀನೇ!" ಎಂದ.

"ಕಲಿಸಿದ್ದು ನಾನೇ, ಅದಕ್ಕೆ ಬರ್ದುಕೊಟ್ಟಿದ್ದೂ ನನ್ನ ಹೆಸರನ್ನೇ. ಹೋಗಿ ಓದ್ಕೊಂಡು ಬಾ" ಎಂದಳು ರೈಟಕ್ಕ. ನೀರಿನ ಮಗ್ಗು ಎತ್ತಿ ಗಟಗಟ ಕುಡಿದಳು. "ಸುತ್ತು ಹೋದ್ರೆ ಅರ್ಧ ಜನ ಬಸ್ ಬಿಟ್ಟು ಆಟೋ ಹತ್ತುತ್ತಾರೆ. ಜನ ಹೋದ್ರೆ ಬಸ್ ಹೋಗುತ್ತೆ. ಬಸ್ ಹೋದ್ರೆ ನಮ್ಮನ್ನ ಎಲ್ಲೆಲ್ಲಿಗೆ ಎಸೀತಾರೋ ಯಾರಿಗೆ ಗೊತ್ತು? ಒಂದು ತಿಂಗಳು ನಿಧಾನವಾಗಿ ಟಿಕೆಟ್ ಕೊಡಿ ಅಂತ ತಾನೆ ಕೇಳ್ತಿರೋದು? ಅದಕ್ಕೂ ನಾನೇ ತರಬೇತಿ ಕೊಡಬೇಕಾ? ನಿಮ್ಮಲ್ಲಿ ಅರ್ಧ ಜನಕ್ಕೆ ಅದು ಹುಟ್ಟಿನಿಂದಲೇ ಬಂದಿದೆ."

ಯಾರೋ ಮೂಲೆಯಲ್ಲಿ ಕಿಸಕ್ಕೆಂದರು. ನಗು ಒಬ್ಬರಿಂದೊಬ್ಬರಿಗೆ ಹರಡಿತು. ಮೇಜು ಗುದ್ದಿದವನು ನಗದಿದ್ದರೂ ಎದ್ದು ಹೋಗುವಾಗ, "ಒಂದೇ ತಿಂಗಳು" ಎಂದು ಬೆರಳು ತೋರಿಸಿ ಹೋದ. ರೈಟಕ್ಕನಿಗೆ ಅಷ್ಟು ಸಾಕಾಗಿತ್ತು.

ತಿಂಗಳ ಕೊನೆಗೆ ಆದದ್ದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕತೆ ಇರುವುದು ಅಲ್ಲಿ ಅಲ್ಲ. ಆ ತಿಂಗಳು ಟ್ಯಾಂಕಿನ ಬಸ್ಸುಗಳೆಲ್ಲ ತಡವಾದವು, ಜನ ಬಾಯಿಗೆ ಬಂದಂತೆ ಬೈದರು, ರೈಟಕ್ಕನಿಗೆ ವಯಸ್ಸಾಯಿತು ಎಂದರು. ತಿಂಗಳಾದ ಮೇಲೆ ಮೇಷ್ಟ್ರ ಪರದೆಯಲ್ಲಿ ಆ ದಪ್ಪ ಗೆರೆ ರೈಲ್ವೆ ಗೇಟಿನ ಹತ್ತಿರ ಒಡೆದು ಕವಲಾಗಿತ್ತು. ಮಾರ್ಕೆಟ್ಟಿನವರೆಗೆ ಹೋದದ್ದು ಅದರ ಒಂದು ಎಳೆ ಅಷ್ಟೆ. ಲಾಂಡ್ರಿಯ ಸಾಸಿವೆ ಕಾಳು ಈಗ ನಿಂಬೆಹಣ್ಣಿನಷ್ಟಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬೇರೆ ಬಡಾವಣೆಗಳಿಂದ ಮಾರ್ಕೆಟ್ಟಿಗೆ ಬಂದು ಅಲ್ಲಿಂದ ವಾಪಸು ಈ ಸುತ್ತಿಗೆ ಬರುವವರೂ ಇದ್ದರು. ಅಡ್ಡ ಬಸ್ಸಿಲ್ಲದ್ದರಿಂದ ಅವರು ಊರಿಡೀ ಬಳಸುತ್ತಿದ್ದರು. ಊರಿಗೆ ಒಂದಲ್ಲ, ನಾಲ್ಕೈದು ಹೊಟ್ಟೆಗಳಿದ್ದವು. ಒಳಸುತ್ತು ಕೊನೆಯವರೆಗೂ ಉಳಿಯಿತು, ಮೇಲಾಗಿ ಮಿಲ್ಲಿನಿಂದ ಒಂದು ಅಡ್ಡ ಬಸ್ಸೂ ಬಂತು. ರೈಟಕ್ಕನಿಗೆ ಮೆಮೊ ಬಂತು, ಹೊಸಬರಿಗೆ ಕಲಿಸುವ ಜಾಗ ಹೋಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡು ಅವಳು ಮೆಮೊ ಮಡಿಸಿ ಜೇಬಿಗಿಟ್ಟಳು.

ಅವಳ ಮನಸ್ಸಿಗೆ ತಾಗಿದ್ದು ಇದ್ಯಾವುದೂ ಅಲ್ಲ. ಆ ತಿಂಗಳ ಮೊಟ್ಟಮೊದಲ ಬೆಳಿಗ್ಗೆ ನಡೆದದ್ದು.

ಟ್ಯಾಂಕಿನ ಹತ್ತಿರ ಬಸ್ಸು ಎಂದಿನಂತೆ ತುಂಬಿತು. ಡ್ರೈವರ್ ಸೀಟಿನಲ್ಲಿ ಎಂದಿನ ಮನುಷ್ಯ, ವರ್ಷಗಳಿಂದ ಅವಳ ಜೋಡಿ. ಅವನು ಮಾತೇ ಆಡುವುದಿಲ್ಲವೆಂದು ಮೌನಿ ಎನ್ನುತ್ತಿದ್ದರು. ರೈಟಕ್ಕ ಮುಂದಿನಿಂದ ಶುರುಮಾಡಿ ಒಬ್ಬೊಬ್ಬರ ಮುಂದೆಯೂ ನಿಂತು, "ಎಲ್ಲಿಗೆ?" ಎಂದು ಕೇಳತೊಡಗಿದಳು.

ಜನಕ್ಕೆ ತಮಾಷೆಯೋ ತಮಾಷೆ. "ಏನ್ ರೈಟಕ್ಕ, ಇವತ್ತು ಹೊಸದಾಗಿ ಸೇರಿದ್ರಾ? ನಾನು ಎಲ್ಲಿಗೆ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿದೆ ಎಂದೇ ಅವಳೂ ತಿಳಿದಿದ್ದಳು. ಆದರೆ ಮಾರ್ಕೆಟ್ಟಿನ ಬಟ್ಟೆಯಂಗಡಿಯವನೆಂದು ಅವಳು ಲೆಕ್ಕ ಹಾಕಿದ್ದ ದರ್ಜಿ, ಮಿಲ್ಲಿಗೆ ಎಂದ. ಆಸ್ಪತ್ರೆಗೆ ಔಷಧಿಗೆ ಹೋಗುತ್ತಾನೆಂದು ಅವಳು ಮರುಗುತ್ತಿದ್ದ ಮುದುಕ, ರೈಲ್ವೆ ಗೇಟಿನ ಹತ್ತಿರ ಗೆಳೆಯರ ಜೊತೆ ಇಸ್ಪೀಟು ಆಡಲಿಕ್ಕೆ ಎಂದ. ದಿನವೂ ನೋಡುವ ಮುಖಗಳೇ, ಒಂದೊಂದೂ ಹೇಳಿದ್ದು ಬೇರೆ ಬೇರೆ. ರೈಟಕ್ಕನ ಬೆರಳು ನಿಲ್ದಾಣಗಳನ್ನು ಹುಡುಕಿ ಹುಡುಕಿ ಸೋತಿತು. ಹಿಂದಿನವರು, "ಬಸ್ ಬಿಡ್ರೀ, ಆಫೀಸಿಗೆ ಲೇಟಾಯ್ತು" ಎಂದು ಕೂಗಿದರು.

"ಸ್ವಲ್ಪ ಕೂತ್ಕೊಳ್ಳಿ" ಎಂದಿತು ಒಂದು ದನಿ. ಮೌನಿಯ ದನಿ. ಅದನ್ನು ಕೇಳಿಯೇ ಗೊತ್ತಿಲ್ಲದ ಬಸ್ಸು ಗಪ್‌ಚಿಪ್ಪಾಯಿತು.

ರೈಟಕ್ಕ ಹೆಂಗಸರ ಸೀಟುಗಳಿಗೆ ಬಂದಳು. ಲಾಂಡ್ರಿಯ ಹೆಂಗಸರೆಲ್ಲ, "ಲಾಂಡ್ರಿ, ಲಾಂಡ್ರಿ" ಎಂದು ಶಾಲೆಮಕ್ಕಳ ಹಾಗೆ ರಾಗವಾಗಿ ಹೇಳಿದರು. ಕೊನೆಗೆ ಕಿಟಕಿ ಪಕ್ಕದ ಅಕ್ಕ. ಅವಳನ್ನು ಕೇಳುವುದೇನು ಎಂದು ರೈಟಕ್ಕ ಲಾಂಡ್ರಿಯನ್ನೇ ಒತ್ತಲು ಹೊರಟಳು. ಅಕ್ಕ ಅವಳ ಕೈಮೇಲೆ ಕೈಯಿಟ್ಟು ತಡೆದಳು.

"ಎಲ್ಲರನ್ನೂ ಕೇಳಿದೆ. ನನ್ನನ್ನೂ ಕೇಳು."

"ಸರಿ ತಾಯಿ, ಎಲ್ಲಿಗೆ?"

"ನರ್ಸರಿ."

ರೈಟಕ್ಕನಿಗೆ ಅರ್ಥವಾಗಲಿಲ್ಲ. "ನರ್ಸರಿಯಲ್ಲಿ ಏನಿದೆ ನಿಂಗೆ?"

"ಕೆಲಸ ಇದೆ."

ಲಾಂಡ್ರಿಯ ಹೆಂಗಸರೆಲ್ಲ ಒಟ್ಟಿಗೆ ಕಿಟಕಿಯಿಂದ ಆಚೆ ನೋಡತೊಡಗಿದರು. ಅವರಿಗೆ ಗೊತ್ತಿತ್ತು. ಬಸ್ಸಿಗೆಲ್ಲ ಗೊತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

"ಯಾವಾಗಿಂದ?"

"ಹೋದ ಮಳೆಗಾಲದಿಂದ." ಅಕ್ಕ ತಗ್ಗಿದ ದನಿಯಲ್ಲಿ ಹೇಳಿದಳು. "ಲಾಂಡ್ರಿ ಹಬೆ ಎದೆಗೆ ಆಗ್ತಿರ್ಲಿಲ್ಲ ಪುಟ್ಟಿ. ರಾತ್ರಿಯೆಲ್ಲ ಕೆಮ್ಮು. ಡಾಕ್ಟರು ಬಿಟ್ಟುಬಿಡು ಅಂದ್ರು. ನೀನು ಓಡಾಡಿ ಕೊಡಿಸಿದ ಕೆಲಸ, ಬಿಟ್ಟೆ ಅಂದ್ರೆ ನೊಂದ್ಕೋತೀಯ. ಆಮೇಲೆ ಮನೇಲಿ ಕೂತ್ಕೋ, ನಾನು ಸಾಕ್ತೀನಿ ಅಂತೀಯ. ನನಗೆ ಕೂತ್ಕೊಳ್ಳೋಕೆ ಬರಲ್ಲ."

"ನಂಗೊಂದು ಮಾತು ಹೇಳಬಾರದಾಗಿತ್ತಾ?"

"ಎಷ್ಟೋ ದಿನ ಹೇಳಬೇಕು ಅಂತಲೇ ಹತ್ತಿದ್ದೀನಿ. ನೀನು ಕೈಗೆ ಟಿಕೆಟ್ ಇಟ್ಟು ಮುಂದೆ ಹೋಗಿಬಿಡ್ತಿದ್ದೆ. ಒಂದು ದಿನಾನೂ ಕೇಳಲಿಲ್ಲ."

ರೈಟಕ್ಕನಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಬೆಳಿಗ್ಗೆ ಬೆಳಿಗ್ಗೆ ಅಷ್ಟು ಜನರ ಮುಂದೆ ಕಣ್ಣು ತುಂಬಿ ಬಂತು. ಅಕ್ಕನ ಕೆಮ್ಮು ಅವಳಿಗೆ ಕೇಳಿಸಿತ್ತು; ಧೂಳಿಗೆ ಎಂದುಕೊಂಡಿದ್ದಳು. ಕಚೇರಿಯಲ್ಲಿ ಅಕ್ಕ ಕೊನೆಯವರೆಗೂ ಬಸ್ಸು ಬೇಕೆಂದು ಕಚ್ಚಿ ಹಿಡಿದದ್ದು ಯಾಕೆಂದು ಈಗ ತಿಳಿಯಿತು. ಲಾಂಡ್ರಿಗೆ ಹೆದ್ದಾರಿಯಿಂದ ನಡೆಯಬಹುದು. ನರ್ಸರಿ ಸುತ್ತಿನ ಕಟ್ಟಕಡೆಯಲ್ಲಿದೆ, ಅಲ್ಲಿಗೆ ಅಕ್ಕನ ಕೈಲಿ ನಡೆಯಲಾಗುವುದಿಲ್ಲ. ತಾನು ಕಲಿಸಿದ ಗುಂಡಿ ಇನ್ನು ಸ್ವಲ್ಪದರಲ್ಲಿ ತನ್ನ ಅಕ್ಕನ ದಾರಿಯನ್ನೇ ಅಳಿಸಿಹಾಕುತ್ತಿತ್ತು. ಖಾಕಿ ತೋಳಿನಿಂದ ಮೂಗು ಒರೆಸಿಕೊಂಡು, ನರ್ಸರಿಯನ್ನು ಹುಡುಕಿ ಒತ್ತಿ, ಟಿಕೆಟ್ ಹರಿದು ಅಕ್ಕನ ಕೈಗಿಟ್ಟಳು. ಅಕ್ಕ ಅದನ್ನು ಬೆಳಕಿಗೆ ಹಿಡಿದು ಓದಿದಳು.

ಲಾಂಡ್ರಿಯಲ್ಲಿ ಇಳಿಯುವವರಷ್ಟೇ ಹತ್ತುವವರಿದ್ದರು; ಹಿಂದಿನ ಬಾಗಿಲು ನೂಕುನುಗ್ಗಲು. ಯಾವಾಗಲೂ ಅಲ್ಲಿಂದ ಹೆದ್ದಾರಿ ಸೇರುವವರೆಗೆ ಹಿಂದಿನ ಬಾಗಿಲಲ್ಲೇ ಸಿಕ್ಕಿಕೊಂಡಿರುತ್ತಿದ್ದ ರೈಟಕ್ಕ ಅವತ್ತು ಮುಂದೆಯೇ ಉಳಿದಳು. ಮಿಲ್ಲು ದಾಟಿ, ಕೆರೆದಂಡೆಯ ಉದ್ದ ಹೋಗಿ, ಬಸ್ಸು ನಿಂತಿತು. ಅಕ್ಕ ಮೆಲ್ಲಗೆ ಇಳಿದಳು. ಗೇಟಿನಲ್ಲಿ ನೀರಿನ ಪೈಪು ಹಿಡಿದು ನಿಂತಿದ್ದ ಹೆಂಗಸು, "ಬನ್ನಿ ಮೇಸ್ತ್ರಮ್ಮ, ಹೊಸ ಸಸಿ ಬಂದಿದೆ, ನೀವು ನೋಡ್ದೆ ಇಳಿಸಲ್ಲ ಅಂದಿದೀನಿ" ಎಂದಳು. ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಒಳಗೆ ಹೋದಳು.

ರೈಟಕ್ಕ ಮೆಟ್ಟಿಲ ಮೇಲೆ ನಿಂತು ನೋಡಿದಳು. ಬೋರ್ಡಿದ್ದ ನಿಲ್ದಾಣ ಹಿಂದೆ, ಬೇವಿನ ಮರದ ಹತ್ತಿರ ಉಳಿದಿತ್ತು. ಬಸ್ಸು ಅದನ್ನು ದಾಟಿ ಬಂದು ಸರಿಯಾಗಿ ಗೇಟಿನ ಎದುರು ನಿಂತಿತ್ತು. ಅವಳು ಡ್ರೈವರನ ಕಡೆ ತಿರುಗಿದಳು.

"ನಿಂಗೂ ಗೊತ್ತಿತ್ತಾ?"

"ಹೂಂ" ಎಂದ ಮೌನಿ. "ದಿನಾ ಇಲ್ಲೇ ನಿಲ್ಲಿಸ್ತೀನಿ. ಅಲ್ಲಿಂದ ನಡೆದ್ರೆ ಅವರಿಗೆ ಏದುಸಿರು ಹತ್ತುತ್ತೆ."

ರೈಟಕ್ಕ ಒಳಗೆ ಬಂದು, ಲಾಂಡ್ರಿಯಲ್ಲಿ ಹತ್ತಿದವರಲ್ಲಿ ಮೊದಲನೆಯವಳ ಮುಂದೆ ನಿಂತು, ಅವಳ ಮುಖವನ್ನು ಸರಿಯಾಗಿ ನೋಡಿ, ಎಲ್ಲಿಗೆಂದು ಕೇಳಿದಳು.